ಲೇಬರ್ ಡೇ ವಾರಾಂತ್ಯ: ಊರಿಂದ ಬರುವ ಸ್ನೇಹಿತರಿಗೆ ಕ್ಯಾನ್‌ಫೀಲ್ಡ್ ಫೇರ್, ಜೊತೆಗೊಂದು ತೋಟ. ಏನೇನು ಗಮನಿಸಬೇಕು?

ಬೆಳ್ಳಂಬೆಳಗು
ನಮಸ್ಕಾರ. ಸೆಪ್ಟೆಂಬರ್ ಮೊದಲ ಸೋಮವಾರ ಇಲ್ಲಿ ಲೇಬರ್ ಡೇ, ಕಾರ್ಮಿಕರ ದಿನದ ರಜೆ. ಆ ವಾರಾಂತ್ಯಕ್ಕೆ ಹಾಸನದ ಹತ್ತಿರದ ಹಳ್ಳಿಯಿಂದ ಸ್ನೇಹಿತರ ಮನೆಯವರು ಅಮೆರಿಕದ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡಿಗೆ ಬರುತ್ತಿದ್ದಾರೆ. ಗಂಡ ಹೆಂಡತಿ, 4 ಮತ್ತು 10 ವರ್ಷದ ಮಕ್ಕಳು, 68 ವರ್ಷದ ಅಜ್ಜಿ. ಮನೆಯಲ್ಲಿ ಹಸು ಸಾಕಿದವರು. ಶನಿವಾರ ಕ್ಯಾನ್‌ಫೀಲ್ಡ್ ಫೇರ್ (ಕೌಂಟಿಯ ಕೃಷಿ, ಜಾನುವಾರು ಜಾತ್ರೆ; ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಭಾನುವಾರ ಹೋಮ್ಸ್ ಕೌಂಟಿ ಕಡೆ ಒಂದು ಸೇಬಿನ ತೋಟ ಅಂದುಕೊಂಡಿದ್ದೇವೆ. ಗುರುವಾರ ಇಳಿಯುವ ಹಾಗೆ ಟಿಕೆಟ್ ನೋಡುತ್ತಿದ್ದಾರೆ, ಇನ್ನೂ ತೆಗೆದಿಲ್ಲ. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಏನು ನೋಡಬೇಕು, ಎಲ್ಲಿ ಎಡವಟ್ಟಾಗುತ್ತದೆ, ತಿಳಿದವರು ಹೇಳಿ.

ಗೋಮಾಳ
ಟಿಕೆಟ್ ತೆಗೆದಿಲ್ಲ ಅಂದಿರಲ್ಲ, ಒಳ್ಳೆಯದಾಯಿತು. ಗುರುವಾರ ಇಳಿದು ಶನಿವಾರ ದನದ ಕೊಟ್ಟಿಗೆಗೆ ಹೋಗುವ ಹಾಗಿಲ್ಲ.

ಕಾರಣ ಕಾಲುಬಾಯಿ ಜ್ವರ. ನಮ್ಮ ಕಡೆ ಅದು ಇನ್ನೂ ಇದೆ, ವರ್ಷವರ್ಷ ಲಸಿಕೆ ಹಾಕಿಸುತ್ತೇವೆ. ಅಮೆರಿಕದಲ್ಲಿ 1929ರ ನಂತರ ಒಂದು ಪ್ರಕರಣವೂ ಇಲ್ಲ. ಇಲ್ಲಿಯ ದನಗಳಿಗೆ ಅದರ ಲಸಿಕೆಯನ್ನು ಹಾಕುವುದೇ ಇಲ್ಲ. ಹಾಗಾಗಿ ಒಂದು ಜೋಡಿ ಚಪ್ಪಲಿಗೆ ಅಂಟಿದ ಒಣ ಸಗಣಿಯಲ್ಲಿ ವೈರಸ್ ಬಂದಿಳಿದರೂ ಅನಾಹುತ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ಬಟ್ಟೆ, ಕೆರ, ಕೆಲಕಾಲ ಮೂಗು ಗಂಟಲಿನಲ್ಲೂ ಹೊತ್ತು ತರಬಹುದು. ಆ ರೋಗವಿರುವ ದೇಶದಲ್ಲಿ ದನಕರು ಮುಟ್ಟಿದವರು ಇಲ್ಲಿ ಬಂದ ಮೇಲೆ ಕನಿಷ್ಠ 5 ದಿನ ಯಾವ ಜಾನುವಾರಿನ ಹತ್ತಿರವೂ ಹೋಗಬಾರದು ಅನ್ನುವುದು ಅಮೆರಿಕದ ಕೃಷಿ ಇಲಾಖೆಯ ಸಲಹೆ.

ಲೆಕ್ಕ ಹಾಕಿ: ಶನಿವಾರ ಫೇರ್ ಇದ್ದರೆ ಅವರು ಹಿಂದಿನ ಭಾನುವಾರ ಇಳಿದಿರಬೇಕು. ಹೊರಡುವ ಮುಂಚಿನ ನಾಲ್ಕೈದು ದಿನವೂ ಹಾಲು ಕರೆಯುವುದನ್ನು, ಕೊಟ್ಟಿಗೆ ಗುಡಿಸುವುದನ್ನು ಬೇರೆಯವರಿಗೆ ವಹಿಸಿದರೆ ಇನ್ನೂ ಒಳ್ಳೆಯದು. ಕೊಟ್ಟಿಗೆಗೆ ಹಾಕಿಕೊಂಡ ಚಪ್ಪಲಿ, ಬೂಟು ಊರಲ್ಲೇ ಬಿಟ್ಟು ಬರಲಿ. ತರಲೇಬೇಕಾದರೆ ಅಡಿಯ ಗೆರೆಗಳಲ್ಲಿ ಸಿಕ್ಕಿಕೊಂಡಿದ್ದನ್ನು ಕಡ್ಡಿ, ಬ್ರಷ್ ಹಾಕಿ ಕೆದರಿ, ಸೋಪಿನಲ್ಲಿ ತೊಳೆದು, ಬಿಸಿಲಿಗಿಟ್ಟು ತರಲಿ. ವಿಮಾನ ನಿಲ್ದಾಣದಲ್ಲಿ ಜಾನುವಾರು ಮುಟ್ಟಿದ್ದೀರಾ ಅಂತ ಕೇಳಿದರೆ ಹೌದು ಅನ್ನಬೇಕು. ಹೌದು ಅಂದರೆ ವಾಪಸ್ ಕಳಿಸುವುದಿಲ್ಲ, ಹೆಚ್ಚೆಂದರೆ ಬೂಟು ನೋಡಿ ಶುಚಿ ಮಾಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಕಣಜ
ಗೋಮಾಳ ಅವರು ಹೇಳಿದ್ದೇ ಮೊದಲನೆಯದು. ಎರಡನೆಯದು ಭಾನುವಾರದ ವಿಷಯ. ಹೋಮ್ಸ್ ಕೌಂಟಿಯಲ್ಲಿ ಆಮಿಶ್ ಜನ (ಕಾರು ಬಿಟ್ಟು ಹಳೆಯ ಕಾಲದ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡ) ಹೆಚ್ಚು, ಭಾನುವಾರ ಅವರು ವ್ಯಾಪಾರ ಮಾಡುವುದಿಲ್ಲ. ತೋಟ, ಬೇಕರಿ, ಚೀಸ್ ಅಂಗಡಿ, ಎಲ್ಲ ಬಾಗಿಲು ಹಾಕಿರುತ್ತವೆ. ಶನಿವಾರ ತೋಟ, ಭಾನುವಾರ ಫೇರ್ ಅಂತ ಅದಲು ಬದಲು ಮಾಡಿ. ಶನಿವಾರದ ತೋಟದಲ್ಲಿ ದನಗಳೂ ಇರುತ್ತವೆ, 5 ದಿನದ ಲೆಕ್ಕ ಅಲ್ಲಿಗೂ ಅನ್ವಯ.

ಹೋಮ್ಸ್ ಕೌಂಟಿಯ ರಸ್ತೆಯಲ್ಲಿ ಕುದುರೆಗಾಡಿ ಸಿಗುತ್ತವೆ. ದಿಬ್ಬದ ಆಚೆ ಕಾಣದ ಕಡೆ ವೇಗ ಬೇಡ. ದಾಟುವಾಗ ಹಾರ್ನ್ ಹೊಡೆಯಬೇಡಿ, ಕುದುರೆ ಬೆದರುತ್ತದೆ, ಜಾಗ ಬಿಟ್ಟು ನಿಧಾನ ದಾಟಿ. ಆಮಿಶರ ಮುಖಕ್ಕೆ ಕ್ಯಾಮೆರಾ ಹಿಡಿಯಬಾರದು. ಅವರ ಧರ್ಮದ ವಿಷಯ ಅದು, ಬಂದವರಿಗೆ ಕಾರಿನಲ್ಲೇ ಹೇಳಿಬಿಡಿ.

ಕ್ಯಾನ್‌ಫೀಲ್ಡ್ ಕ್ಲೀವ್‌ಲ್ಯಾಂಡಿನಿಂದ ಸುಮಾರು ಒಂದೂಕಾಲು ಗಂಟೆ. ಲೇಬರ್ ಡೇ ದಿನಕ್ಕೆ ಫೇರ್ ಮುಗಿಯುತ್ತದೆ. ಓಹಿಯೋದ ದೊಡ್ಡ ಕೌಂಟಿ ಫೇರ್‌ಗಳಲ್ಲಿ ಒಂದು, ನಡಿಗೆ ಬಹಳ. ಅಜ್ಜಿಗೆ ಮಡಚುವ ಕುರ್ಚಿ ತಗೊಳ್ಳಿ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಹೋದರೆ ಗಾಡಿಗೆ ಹತ್ತಿರದ ಜಾಗ ಸಿಗುತ್ತದೆ, ದನಗಳ ಮೈ ತೊಳೆಯುವುದನ್ನೂ ನೋಡಬಹುದು. ಹುಲ್ಲುಗಾವಲಲ್ಲಿ ಪಾರ್ಕಿಂಗ್, ಹಿಂದಿನ ರಾತ್ರಿ ಮಳೆ ಬಂದಿದ್ದರೆ ತಗ್ಗಿನಲ್ಲಿ ನಿಲ್ಲಿಸಬೇಡಿ, ಚಕ್ರ ಹೂತುಹೋಗುತ್ತದೆ.

ಹಟ್ಟಿಬಾಗಿಲು
ಸಾಮಾನ್ಯವಾಗಿ ಜನ ಮಾಡುವ ತಪ್ಪು: ಗೇಟು ದಾಟಿದ ಕೂಡಲೇ ಜಯಂಟ್ ವೀಲ್ ಕಡೆ ಹೋಗಿ, ಸಂಜೆ ಕಾಲು ಸೋತ ಮೇಲೆ ಕೊಟ್ಟಿಗೆಗಳಲ್ಲಿ ಒಂದು ಸುತ್ತು ಹಾಕುವುದು. ಅಷ್ಟು ಹೊತ್ತಿಗೆ ಸ್ಪರ್ಧೆ ಮುಗಿದು ದನಗಳು ಮಲಗಿರುತ್ತವೆ. ಅಲ್ಲೇನೂ ಇಲ್ಲ ಅಂದುಕೊಂಡು ಮನೆಗೆ ಬರುತ್ತಾರೆ. ಕೌಂಟಿ ಫೇರ್‌ನ ಜೀವ ಇರುವುದೇ ಜೂನಿಯರ್ ಫೇರ್‌ನಲ್ಲಿ. ಹಳ್ಳಿ ಮಕ್ಕಳು ತಿಂಗಳುಗಟ್ಟಲೆ ತಾವೇ ಮೇಯಿಸಿ, ಮೈತೊಳೆದು, ಪಳಗಿಸಿದ ಪ್ರಾಣಿಯನ್ನು ತೀರ್ಪುಗಾರರ ಮುಂದೆ ನಡೆಸುವುದು ಅಲ್ಲಿ. ಫೇರ್‌ನ ಕಾರ್ಯಕ್ರಮ ಪಟ್ಟಿ ತೆಗೆದು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಅಂಗಳದಲ್ಲಿ ಅಂತ ಮೊದಲೇ ಗುರುತು ಹಾಕಿಕೊಳ್ಳಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ಮಕ್ಕಳು ಎರಡು ಸಂಸ್ಥೆಗಳಿಂದ ಬರುತ್ತಾರೆ. ಹಸಿರು ನಾಲ್ಕೆಲೆ ಗುರುತು 4-ಎಚ್‌ದು. ತಲೆ, ಹೃದಯ, ಕೈ, ಆರೋಗ್ಯ ಅನ್ನುವ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಅದು. ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗ ನಡೆಸುತ್ತದೆ, ನಮ್ಮ ಕೃಷಿ ವಿಜ್ಞಾನ ಕೇಂದ್ರಗಳ ಕೆಲಸಕ್ಕೆ ಹತ್ತಿರ. ನೀಲಿ ಕಾರ್ಡುರಾಯ್ ಜಾಕೆಟ್ ಹಾಕಿದವರು ಎಫ್‌ಎಫ್‌ಎ ಮಕ್ಕಳು, ಶಾಲೆಯಲ್ಲಿ ಕೃಷಿ ಪಾಠ ಓದುವವರು. ಅದು 1928ರಲ್ಲಿ ಶುರುವಾಯಿತು.

ಸ್ಪರ್ಧೆಯಲ್ಲಿ ಎರಡು ಬಗೆ. ಒಂದರಲ್ಲಿ ಪ್ರಾಣಿಯ ಮೈಕಟ್ಟು ನೋಡುತ್ತಾರೆ. ಇನ್ನೊಂದು ಶೋಮನ್‌ಶಿಪ್, ಅದರಲ್ಲಿ ಅಂಕ ಮಗುವಿಗೆ. ಸಮಯ ಕಡಿಮೆ ಇದ್ದರೆ ಎರಡನೆಯದನ್ನೇ ನೋಡಿ.

ಹಾಲಿನ ಹಸುವಿನ ಶೋಮನ್‌ಶಿಪ್‌ನಲ್ಲಿ ಮಗು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹಾಕಿರುತ್ತದೆ. ಮುಖದ ಹಗ್ಗವನ್ನು ಬಿಗಿಯಾಗಿ ಹಿಡಿದು, ಹಸುವಿಗೆ ಎದುರಾಗಿ ಹಿಂದೆ ಹಿಂದೆ ಹೆಜ್ಜೆ ಇಡುತ್ತದೆ. ಒಂದು ಕಣ್ಣು ಹಸುವಿನ ಮೇಲೆ, ಒಂದು ಕಣ್ಣು ತೀರ್ಪುಗಾರರ ಮೇಲೆ. ನಿಲ್ಲಿಸಿದಾಗ ಮುಂಗಾಲೆರಡೂ ಸಮ ಇರಬೇಕು, ಹಿಂಗಾಲು ಒಂದು ತುಸು ಮುಂದೆ ಒಂದು ತುಸು ಹಿಂದೆ. ತೀರ್ಪುಗಾರರು ಆ ಕಡೆಯಿಂದ ಈ ಕಡೆಗೆ ಬಂದರೆ ಮಗು ಹಸುವಿನ ಭುಜವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಕಾಲು ಬದಲಿಸುತ್ತದೆ. ಅರವತ್ತು ಪೌಂಡಿನ ಮಗು, ಸಾವಿರಕ್ಕೂ ಮಿಕ್ಕಿದ ಪೌಂಡಿನ ಹಸು, ನಡುವೆ ಎರಡು ಬೆರಳು. ಹಸು ಸಾಕಿದ ಅಜ್ಜಿಗೆ ಇದು ಮಾತಿಲ್ಲದೆ ಅರ್ಥವಾಗುತ್ತದೆ.

ಮಾಂಸದ ತಳಿಯ ಹೋರಿಗೆ ಉದ್ದನೆ ಕೋಲು ಇರುತ್ತದೆ, ಅದು ಹೊಡೆಯುವುದಕ್ಕಲ್ಲ. ಗೊರಸು ಸರಿಸಿ ನಿಲ್ಲಿಸುವುದಕ್ಕೆ, ಹೊಟ್ಟೆಯಡಿ ಕೆರೆದು ಸಮಾಧಾನ ಮಾಡುವುದಕ್ಕೆ. ಕುರಿಗೆ ಹಗ್ಗವಿಲ್ಲ, ಗದ್ದದಡಿ ಕೈಕೊಟ್ಟು ನಿಲ್ಲಿಸುತ್ತಾರೆ. ಹಂದಿಗೂ ಹಗ್ಗವಿಲ್ಲ, ಸಣ್ಣ ಕೋಲಿನಿಂದ ಭುಜ, ದವಡೆ ಮುಟ್ಟಿ ತಿರುಗಿಸುತ್ತಾರೆ.

ರಿಬ್ಬನ್ ಬಣ್ಣ: ನೀಲಿ ಮೊದಲನೆಯದು, ಕೆಂಪು ಎರಡನೆಯದು, ಬಿಳಿ ಮೂರನೆಯದು, ಒಟ್ಟಾರೆ ಚಾಂಪಿಯನ್‌ಗೆ ಸಾಮಾನ್ಯವಾಗಿ ನೇರಳೆ. ಕೆಲವು ವಿಭಾಗಗಳಲ್ಲಿ ಡೇನಿಶ್ ಪದ್ಧತಿ ಇರುತ್ತದೆ. ಅಲ್ಲಿ ಪಕ್ಕದವರ ಜೊತೆ ಹೋಲಿಕೆ ಇಲ್ಲ, ನಿಗದಿ ಮಟ್ಟ ಮುಟ್ಟಿದವರಿಗೆಲ್ಲ ನೀಲಿ. ಎಲ್ಲರಿಗೂ ನೀಲಿ ಯಾಕೆ ಅಂತ ಹತ್ತು ವರ್ಷದವನು ಕೇಳಿದರೆ ಉತ್ತರ ಇದು.

ಎರೆಮಣ್ಣು
ಹಟ್ಟಿಬಾಗಿಲು ಅವರು ಬಿಟ್ಟ ಒಂದು ಮಾತು, ಸಸ್ಯಾಹಾರಿ ಮನೆಯವರಿಗೆ ಮೊದಲೇ ಹೇಳಬೇಕಾದದ್ದು. ಕೊಟ್ಟಿಗೆಯ ಫಲಕದಲ್ಲಿ ‘ಬ್ರೀಡಿಂಗ್’ ಅಂತಿದ್ದರೆ ಆ ಪ್ರಾಣಿ ವಾಪಸ್ ಮನೆಗೆ ಹೋಗುತ್ತದೆ. ‘ಮಾರ್ಕೆಟ್’ ಅಂತಿದ್ದರೆ ಅದು ಮಾಂಸಕ್ಕೆ. ಬೀಜ ಒಡೆಸಿದ ಹೋರಿ, ಹಂದಿ, ಕುರಿಮರಿ, ಮೇಕೆ ಎಲ್ಲದರಲ್ಲೂ ಈ ವಿಭಾಗ ಇದೆ. ಹಲವು ಕಡೆ ಹಂದಿ ಸ್ಪರ್ಧೆ ‘ಟರ್ಮಿನಲ್’ ಆಗಿರುತ್ತದೆ, ಅಂದರೆ ಅಂಗಳಕ್ಕೆ ಬಂದ ಮೇಲೆ ಒಂದೂ ಮನೆಗೆ ಮರಳುವುದಿಲ್ಲ.

ಈ ‘ಮಾರ್ಕೆಟ್’ ಪ್ರಾಣಿಗಳನ್ನು ಫೇರ್‌ನಲ್ಲೇ ಹರಾಜು ಹಾಕುತ್ತಾರೆ. ಅಲ್ಲಿ ಊರಿನ ಅಂಗಡಿ, ಬ್ಯಾಂಕ್, ಬೀಜ ಗೊಬ್ಬರದವರು ಮಾರುಕಟ್ಟೆ ದರಕ್ಕಿಂತ ಬಹಳ ಮೇಲೆ ಕೂಗುತ್ತಾರೆ. ಆ ಹಣ ಮಗುವಿನ ಓದಿಗೆ, ಮುಂದಿನ ವರ್ಷದ ಮರಿಗೆ, ಮೇವಿಗೆ. ಕೆಲವರು ಪ್ರಾಣಿ ಕೊಳ್ಳದೆ ಮೇಲಿನ ಮೊತ್ತವನ್ನಷ್ಟೇ ಕೊಡುವುದೂ ಉಂಟು. ಹರಾಜು ಮುಗಿದ ಸಂಜೆ ಕೊಟ್ಟಿಗೆಯಲ್ಲಿ ಹೋರಿಯ ಕೊರಳು ತಬ್ಬಿಕೊಂಡು ಅಳುವ ಮಕ್ಕಳು ಕಾಣುತ್ತಾರೆ. ಆ ಹೊತ್ತಿನಲ್ಲಿ ಫೋಟೋ ಬೇಡ, ಬುದ್ಧಿವಾದವಂತೂ ಬೇಡವೇ ಬೇಡ. 10 ವರ್ಷದ ಮಗುವಿಗೆ ಹಿಂದಿನ ದಿನವೇ ನೇರವಾಗಿ ತಿಳಿಸಿ. ಅಲ್ಲಿ ಹೋದ ಮೇಲೆ ತಿಳಿದರೆ ದಿನವೆಲ್ಲ ಹಾಳು.

ಮಕ್ಕಳ ಹತ್ತಿರ ಮಾತಾಡುವುದಿದ್ದರೆ ‘ದಿನಕ್ಕೆ ಎಷ್ಟು ಮೈ ಹಿಡಿಯಿತು, ಏನು ಮೇವು ಹಾಕಿದೆ’ ಅಂತ ಕೇಳಿ. ಅದನ್ನೇ ಅವರು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ, ಖುಷಿಯಿಂದ ತೋರಿಸುತ್ತಾರೆ. ಹಂದಿಯ ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತುಗಳಿರುತ್ತವೆ: ಅದರ ಬಲಗಿವಿಯದು ಯಾವ ಸೂಲು ಅಂತ, ಎಡಗಿವಿಯದು ಆ ಸೂಲಿನಲ್ಲಿ ಎಷ್ಟನೇ ಮರಿ ಅಂತ. ಓದುವುದು ಹೇಗೆ ಅಂತ ಕೇಳಿದರೆ ಯಾವ ಮಗುವಾದರೂ ಹೇಳಿಕೊಡುತ್ತದೆ.

ಗೋಮಾಳ
ಹಂದಿಯ ಮಾತು ಬಂದದ್ದರಿಂದ: ಆ ಕೊಟ್ಟಿಗೆಗೆ ಅಜ್ಜಿಯೂ 4 ವರ್ಷದ ಮಗುವೂ ಹೋಗುವುದು ಬೇಡ. 2012ರ ಬೇಸಿಗೆಯಲ್ಲಿ ಫೇರ್‌ಗಳ ಹಂದಿಗಳಿಂದ 300ಕ್ಕೂ ಹೆಚ್ಚು ಜನಕ್ಕೆ ಎಚ್3ಎನ್2 ಬಗೆಯ ಫ್ಲೂ ಅಂಟಿತು. ಹೆಚ್ಚಿನವರು ಮಕ್ಕಳು, ಹೆಚ್ಚಿನವು ಇಂಡಿಯಾನಾ ಮತ್ತು ಓಹಿಯೋದಲ್ಲೇ. 5ರೊಳಗಿನವರು, 65 ದಾಟಿದವರು, ಗರ್ಭಿಣಿಯರು, ಉಬ್ಬಸ, ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರು ಹಂದಿ ಕೊಟ್ಟಿಗೆಯಿಂದ ದೂರವಿರಬೇಕು ಅನ್ನುವುದು ಅಂದಿನಿಂದ ಬಂದ ಸಲಹೆ. ಹಂದಿಗಳನ್ನು 72 ಗಂಟೆಗಿಂತ ಹೆಚ್ಚು ಅಂಗಳದಲ್ಲಿ ಇಟ್ಟುಕೊಳ್ಳಬೇಡಿ ಅಂತಲೂ ಆಗಿನಿಂದ ಹೇಳುತ್ತಾರೆ. ಫೇರ್‌ನ ಕೊನೆಯ ದಿನಗಳಲ್ಲಿ ಆ ಕೊಟ್ಟಿಗೆ ಖಾಲಿ ಕಂಡರೆ ಅದೇ ಕಾರಣ.

ಕೈತೊಳೆಯುವುದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ದನ, ಕುರಿ, ಮೇಕೆಯ ಸಗಣಿ ಹಿಕ್ಕೆಯಲ್ಲಿ ಇ. ಕೋಲಿ ಒ157 ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು, ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ. 2004ರಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ ಫೇರ್‌ನಲ್ಲಿ ಮಕ್ಕಳು ಪ್ರಾಣಿ ಮುಟ್ಟುವ ಆವರಣದಿಂದ 108 ಜನ ಕಾಯಿಲೆ ಬಿದ್ದರು, ಅವರಲ್ಲಿ 15 ಜನಕ್ಕೆ ಮೂತ್ರಪಿಂಡಕ್ಕೇ ಪೆಟ್ಟಾಯಿತು. ಸ್ಯಾನಿಟೈಸರ್ ಸಾಕು ಅನ್ನುವುದು ತಪ್ಪು. ಕೊಳೆ ಇರುವ ಕೈಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಭೇದಿ ತರುವ ಜೀವಿಯನ್ನು ಕೊಲ್ಲುವುದೂ ಇಲ್ಲ. ಹರಿಯುವ ನೀರು, ಸೋಪು, 20 ಸೆಕೆಂಡು, ಉಗುರಿನ ಸಂದಿ ಸಮೇತ. ಪ್ರಾಣಿ ಮುಟ್ಟದೆ ಬರೀ ಕಂಬಿ ಹಿಡಿದಿದ್ದರೂ ತೊಳೆಯಲೇಬೇಕು.

ಕೊಟ್ಟಿಗೆಯೊಳಗೆ ತಿಂಡಿ, ನೀರಿನ ಬಾಟಲಿ, ಹಾಲುಬಾಟಲಿ, ತಳ್ಳುಗಾಡಿ ಬೇಡ. ಗಾಡಿಯ ಚಕ್ರ ಸಗಣಿ ಮೇಲೆ ಹೋಗುತ್ತದೆ, ಆಮೇಲೆ ಮಗು ಅದನ್ನೇ ಹಿಡಿಯುತ್ತದೆ. ಎಲ್ಲರಿಗೂ ಮುಚ್ಚಿದ ಬೂಟು, ಅಜ್ಜಿ ಹವಾಯಿ ಚಪ್ಪಲಿಯಲ್ಲಿ ಬರದಂತೆ ನೋಡಿಕೊಳ್ಳಿ. ಒದ್ದೆ ಸಿಮೆಂಟಿನ ಮೇಲೆ ಅದು ಜಾರುತ್ತದೆ.

ಬೆಳ್ಳಂಬೆಳಗು
ತುಂಬ ಉಪಕಾರ. ಅವರಿಗೆ ಫೋನ್ ಮಾಡಿ ಹೇಳಿದೆ, ಹಿಂದಿನ ಶನಿವಾರವೇ ಇಳಿಯುವಂತೆ ಟಿಕೆಟ್ ತೆಗೆಯುತ್ತಾರೆ. ಊಟದ್ದು ಹೇಗೆ? ಅಜ್ಜಿ ಉಪ್ಪಿನಕಾಯಿ ಹಾಕುವುದರಲ್ಲಿ ಎತ್ತಿದ ಕೈ, ಅಲ್ಲಿ ಉಪ್ಪಿನಕಾಯಿ ಸ್ಪರ್ಧೆಯೂ ಇದೆಯಂತೆ ಹೌದೇ?

ಹಿತ್ತಲಗಿಡ
ಊಟ ಮೊದಲು. ಭಯವಿಲ್ಲದೆ ತಿನ್ನಬಹುದಾದವು: ಸುಟ್ಟ ಮೆಕ್ಕೆಜೋಳ (ಬೆಣ್ಣೆಯಲ್ಲಿ ಅದ್ದಿ ಕೊಡುತ್ತಾರೆ), ಎಣ್ಣೆ ಸಕ್ಕರೆ ಉಪ್ಪು ಮಾತ್ರ ಬೀಳುವ ಕೆಟಲ್ ಕಾರ್ನ್, ಎದುರಿಗೇ ಹಿಂಡುವ ನಿಂಬೆ ಪಾನಕ, ಬೊಂಬಾಯಿ ಮಿಠಾಯಿ. ಫನೆಲ್ ಕೇಕ್ ನೋಡಲು ನಮ್ಮ ಜಿಲೇಬಿಯ ದೊಡ್ಡಕ್ಕನ ಹಾಗಿದ್ದರೂ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಫ್ರೆಂಚ್ ಫ್ರೈಸ್ ಕೇಳುವಾಗ ಎಣ್ಣೆ ಯಾವುದು, ಅದೇ ಬಾಣಲೆಯಲ್ಲಿ ಕಾರ್ನ್ ಡಾಗ್ ಕರಿಯುತ್ತಾರಾ, ಎರಡೂ ಕೇಳಿ. ಕಾರ್ನ್ ಡಾಗ್ ಅಂದರೆ ಜೋಳದ ಹಿಟ್ಟಿನೊಳಗೆ ಮಾಂಸ, ಹೆಸರು ನೋಡಿ ಮೋಸಹೋಗಬೇಡಿ. ಆಪಲ್ ಪೈ ಸಸ್ಯಾಹಾರ ಅಂದುಕೊಳ್ಳುತ್ತಾರೆ, ಹಳೆ ಪದ್ಧತಿಯ ಪೈ ಹೊದಿಕೆಗೆ ಹಂದಿ ಕೊಬ್ಬು ಹಾಕುವುದುಂಟು. ಬೇಯಿಸಿದ ಬೀನ್ಸ್‌ನಲ್ಲಿ ಬೇಕನ್ (ಹಂದಿಮಾಂಸ) ಚೂರು, ಮಾರ್ಷ್‌ಮೆಲೋದಲ್ಲಿ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ಕ್ಯಾನ್‌ಫೀಲ್ಡ್ ಪಕ್ಕದ ಯಂಗ್ಸ್‌ಟೌನ್ ಸೀಮೆಯಲ್ಲಿ ಪೂರ್ವ ಯುರೋಪಿನ ಮೂಲದವರು ಹೆಚ್ಚು, ಆಲೂಗಡ್ಡೆ ತುಂಬಿದ ಪಿರೋಗಿ ಸಿಗಬಹುದು. ಅದು ಕಡುಬಿನ ಜಾತಿ, ಆದರೆ ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಕೇಳಿ. ಹೊರಗಿನ ಊಟ ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ, ಬಿಟ್ಟರೆ ಪುಳಿಯೋಗರೆ ಕಟ್ಟಿಕೊಳ್ಳಿ. ಮೊಸರನ್ನವಾದರೆ ಐಸ್ ಪೆಟ್ಟಿಗೆ ಬೇಕು.

ಉಪ್ಪಿನಕಾಯಿಗೆ ಬಂದರೆ: ಸ್ಪರ್ಧೆ ಇದೆ, ಆದರೆ ನಮ್ಮ ಎಣ್ಣೆಯಲ್ಲಿ ಮುಳುಗಿಸಿದ ಮಾವಿನಕಾಯಿ ಉಪ್ಪಿನಕಾಯಿ ಅದರೊಳಗೆ ಬರುವುದು ಕಷ್ಟ. ಹೆಸರು ನೋಂದಾಯಿಸುವ ಗಡುವೂ ಮುಂಚೆಯೇ ಮುಗಿಯುತ್ತದೆ. ನೋಡಲಂತೂ ಕರೆದುಕೊಂಡು ಹೋಗಿ, ಇಡೀ ಫೇರ್‌ನಲ್ಲಿ ಅಜ್ಜಿಗೆ ಬಹಳ ಹಿಡಿಸುವ ಜಾಗ ಅದಾಗಬಹುದು.

ಇಲ್ಲಿಯ ಪದ್ಧತಿಯಲ್ಲಿ ಕೆಡದಂತೆ ಕಾಪಾಡುವುದು ಉಪ್ಪೂ ಅಲ್ಲ, ಎಣ್ಣೆಯೂ ಅಲ್ಲ. ಹುಳಿ ಮತ್ತು ಶಾಖ. ಹುಳಿಯ ಅಳತೆ ಪಿಎಚ್ (ಹುಳಿ ಹೆಚ್ಚಾದಷ್ಟೂ ಈ ಅಂಕಿ ಕಡಿಮೆ) 4.6ಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ವಿಷದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಅಂಥವನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ಮುಚ್ಚಳ ಬಿಗಿಯುತ್ತಾರೆ. ಹುಳಿ ಇಲ್ಲದ ಹುರುಳಿಕಾಯಿ, ಜೋಳಕ್ಕೆ ಕುದಿನೀರು ಸಾಲದು. ಪ್ರೆಶರ್ ಕ್ಯಾನರ್‌ನಲ್ಲಿ 240 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು. ಪರೀಕ್ಷೆ ಮಾಡಿದ ಪಾಕವಿಧಾನವನ್ನೇ ಕೇಳುವುದು ಇದಕ್ಕಾಗಿ.

ಸಾಲಾಗಿಟ್ಟ ಸೀಸೆಗಳ ಮೇಲ್ಭಾಗ ನೋಡಿ. ಪದಾರ್ಥಕ್ಕೂ ಮುಚ್ಚಳಕ್ಕೂ ನಡುವೆ ಖಾಲಿ ಜಾಗ ಜಾಮ್‌ಗೆ ಕಾಲು ಇಂಚು, ಉಪ್ಪಿನಕಾಯಿಗೆ ಅರ್ಧ ಇಂಚು, ಹುಳಿ ಇಲ್ಲದ ತರಕಾರಿಗೆ ಒಂದು ಇಂಚು. ಕಡಿಮೆಯಾದರೆ ಕುದಿಯುವಾಗ ಉಕ್ಕಿ ಅಂಚಿಗೆ ಅಂಟಿ ಮುಚ್ಚಳ ಕೂರುವುದಿಲ್ಲ. ಹೆಚ್ಚಾದರೆ ಗಾಳಿ ಉಳಿದು ಮೇಲಿನ ಪದರ ಕಪ್ಪಾಗುತ್ತದೆ. ತೀರ್ಪುಗಾರರು ಹೊರಬಳೆ ತೆಗೆದು ಮುಚ್ಚಳದ ನಡುವೆ ಬೆರಳಿಡುತ್ತಾರೆ. ತಗ್ಗಾಗಿದ್ದು ಅಲುಗಾಡದಿದ್ದರೆ ಬಿಗಿಯಾಗಿದೆ ಅಂತ. ಆಮೇಲೆ ಹೋಳುಗಳೆಲ್ಲ ಒಂದೇ ಅಳತೆ ಇವೆಯಾ, ನೀರು ತಿಳಿಯಾಗಿದೆಯಾ ಅಂತ ಬೆಳಕಿಗೆ ಹಿಡಿಯುತ್ತಾರೆ.

ಕಣಜ
ಸಂಜೆ ಟ್ರ್ಯಾಕ್ಟರ್ ಎಳೆತ ಇದ್ದರೆ ಬಿಡಬೇಡಿ. ಟ್ರ್ಯಾಕ್ಟರ್ ಹಿಂದೆ ಒಂದು ಬಂಡಿ, ಅದರ ಮೇಲೆ ಭಾರದ ಪೆಟ್ಟಿಗೆ. ಮುಂದೆ ಹೋದಂತೆ ಪೆಟ್ಟಿಗೆ ಬಂಡಿಯ ಮುಂಭಾಗಕ್ಕೆ ಸರಿದು ಅಲ್ಲಿಯ ತಟ್ಟೆಯನ್ನು ನೆಲಕ್ಕೆ ಒತ್ತುತ್ತದೆ, ಎಳೆತ ಭಾರವಾಗುತ್ತಾ ಹೋಗುತ್ತದೆ. 300 ಅಡಿ ಎಳೆದರೆ ಪೂರ್ತಿ. ಗ್ಯಾಲರಿ ಟಿಕೆಟ್ ಪ್ರವೇಶ ಟಿಕೆಟ್‌ನಿಂದ ಬೇರೆ. ಸದ್ದು ಎದೆಗೆ ಬಡಿಯುತ್ತದೆ, ಮಕ್ಕಳಿಗೆ ಕಿವಿ ಮುಚ್ಚುವ ಮಫ್ ಕಡ್ಡಾಯ. ಆಟದ ರೈಡ್‌ಗಳಿಗೆ ಎತ್ತರದ ಮಿತಿ ಇದೆ, ಮಕ್ಕಳ ಎತ್ತರ ಮನೆಯಲ್ಲೇ ಇಂಚಿನಲ್ಲಿ ಅಳೆದುಕೊಂಡು ಹೋದರೆ ಸಾಲಿನಲ್ಲಿ ನಿಂತು ಅಳುವುದು ತಪ್ಪುತ್ತದೆ.

ಹಿತ್ತಲಗಿಡ
ತೋಟದ ಬಗ್ಗೆ ಯಾರೂ ಬರೆದಿಲ್ಲ. ಆ ಹೊತ್ತಿಗೆ ಓಹಿಯೋದಲ್ಲಿ ಗಾಲಾ, ಮ್ಯಾಕಿಂಟಾಷ್ ಸೇಬು ಶುರುವಾಗಿರುತ್ತವೆ. ಫ್ಯೂಜಿ, ಗ್ರಾನಿ ಸ್ಮಿತ್ ಇನ್ನೂ ಕಾಯಿ. ಫೋನ್ ಮಾಡಿ ‘ಈ ವಾರ ಯಾವ ತಳಿ ಬಿಡಿಸಬಹುದು’ ಅಂತ ಕೇಳಿಯೇ ಹೊರಡಿ.

ಕೆಂಪು ನೋಡಿ ಹಣ್ಣು ಅನ್ನಬೇಡಿ. ಕೆಂಪಿನ ಸಂದಿಯಲ್ಲಿ ಕಾಣುವ ತಳಬಣ್ಣ ಹಸಿರಿನಿಂದ ಹಳದಿಗೆ ತಿರುಗಿರಬೇಕು. ಒಂದನ್ನು ಕೊಯ್ದು ನೋಡಿ, ಬೀಜ ಕಂದಾಗಿದ್ದರೆ ಸರಿ. ಬಿಡಿಸುವಾಗ ಅಂಗೈ ಹಣ್ಣಿನಡಿ ಇಟ್ಟು ಮೇಲಕ್ಕೆ ಎತ್ತಿ ತುಸು ತಿರುಗಿಸಿ. ಮಾಗಿದ್ದರೆ ತೊಟ್ಟಿನ ಸಮೇತ ಕೈಗೆ ಬರುತ್ತದೆ. ಕೆಳಕ್ಕೆ ಜಗ್ಗಿದರೆ ತೊಟ್ಟು ಕೂತ ಗಿಡ್ಡ ಕವಲೇ ಮುರಿಯುತ್ತದೆ, ಮುಂದಿನ ವರ್ಷದ ಹೂಮೊಗ್ಗು ಅದರಲ್ಲೇ ಇರುವುದು. ಮಕ್ಕಳು ಹೆಚ್ಚಾಗಿ ಜಗ್ಗುತ್ತಾರೆ, ಮೊದಲ ಎರಡು ಹಣ್ಣು ಕೈಹಿಡಿದು ಬಿಡಿಸಿ ತೋರಿಸಿ. ನೆಲಕ್ಕೆ ಬಿದ್ದದ್ದು ಬೇಡ, ಜಿಂಕೆ ಹಿಕ್ಕೆ ತಗುಲಿರಬಹುದು.

ಅಳತೆ: ಒಂದು ಪೆಕ್ ಅಂದರೆ ಸುಮಾರು 10 ಪೌಂಡ್, ನಾಲ್ಕು ಪೆಕ್ ಒಂದು ಬುಶೆಲ್. ಐದು ಜನಕ್ಕೆ ಒಂದು ಪೆಕ್ ಧಾರಾಳ. ಸೇಬಿನ ರಸ ಕೊಡುತ್ತಾರೆ, ಪಾಶ್ಚರೀಕರಿಸಿದ್ದೋ (ರೋಗಾಣು ಸಾಯುವಂತೆ ಬಿಸಿ ಮಾಡಿದ್ದೋ) ಅಂತ ಕೇಳಿ ಕುಡಿಸಿ. ಲೋಟದಲ್ಲಿ ಕೊಡುವಾಗ ಚೀಟಿ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ಹಳದಿ ಕಣಜದ ಹುಳು ಸಿಹಿಗೆ ಮುತ್ತುತ್ತವೆ, ಲೋಟದೊಳಗೆ ನೋಡಿಯೇ ಬಾಯಿಗಿಡಿ.

ಎರೆಮಣ್ಣು
ಒಂದೆರಡು ಸೇರಿಸುತ್ತೇನೆ. ಅಜ್ಜಿ ‘ಈಗ ಕರೆದ ಹಾಲು ಒಂದು ಲೋಟ’ ಅಂದರೆ ಬೇಡವೆನ್ನಿ. ನಾವು ಕಾಯಿಸಿ ಕುಡಿಯುವವರು, ಇಲ್ಲಿ ಹಸಿಹಾಲನ್ನು ಹಾಗೇ ಕುಡಿಯುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಹಾಲಿನ ಹಸುಗಳಲ್ಲಿ ಹಕ್ಕಿಜ್ವರ ಎಚ್5ಎನ್1 ಮೊದಲ ಬಾರಿ ಪತ್ತೆಯಾಯಿತು, ಸೋಂಕಿದ ಹಸುವಿನ ಹಾಲಿನಲ್ಲೇ ವೈರಸ್ ಹೆಚ್ಚು. ಆಮೇಲೆ ಹಲವು ರಾಜ್ಯಗಳು ಹಾಲು ಕೊಡುವ ಹಸುವನ್ನು ಫೇರ್‌ಗೆ ತರುವ ಮುಂಚೆ ಪರೀಕ್ಷೆ ಕೇಳಿದವು. ಕಡಸುಗಳೇ ಹೆಚ್ಚು ಕಂಡರೆ ಆಶ್ಚರ್ಯ ಬೇಡ.

ತೋಟದ ಅಂಚಿನ ಹುಲ್ಲಿನಲ್ಲಿ ಉಣುಗು ಇರುತ್ತವೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಅವು ಹರಡುವುದು ಲೈಮ್ ಕಾಯಿಲೆ. ಪ್ಯಾಂಟಿನ ಅಂಚು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದ ಕೂಡಲೇ ಸ್ನಾನ, ಮಂಡಿಯ ಹಿಂದೆ, ಕಂಕುಳು, ಸೊಂಟ, ಕಿವಿಯ ಹಿಂದೆ, ತಲೆಗೂದಲ ಬುಡ ಹುಡುಕಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಒಂದು ದಿನದೊಳಗೆ ತೆಗೆದರೆ ಲೈಮ್ ಅಂಟುವ ಸಂಭವ ಕಡಿಮೆ. ಬೇಲಿ ಮೇಲೆ ಮೂರು ಮೂರು ಎಲೆಯ ಬಳ್ಳಿ ಕಂಡರೆ ಮುಟ್ಟಬೇಡಿ, ಪಾಯ್ಸನ್ ಐವಿ. ನಮ್ಮ ಗೇರು ಸಿಪ್ಪೆಯ ಹಾಲು ತಾಗಿದ ಹಾಗೇ ಬೊಬ್ಬೆ ಏಳುತ್ತದೆ, ಎರಡೂ ಒಂದೇ ಕುಟುಂಬದ ಗಿಡಗಳು. ತಾಗಿದರೆ ಹತ್ತು ನಿಮಿಷದೊಳಗೆ ಸೋಪು ಹಾಕಿ ತೊಳೆಯಿರಿ.

ಬೆಳ್ಳಂಬೆಳಗು
ಎಲ್ಲ ಬರೆದಿಟ್ಟುಕೊಂಡೆ. ಶನಿವಾರ ತೋಟ, ಭಾನುವಾರ ಬೆಳಿಗ್ಗೆ ಕೊಟ್ಟಿಗೆ ಮತ್ತು ಶೋಮನ್‌ಶಿಪ್, ಮಧ್ಯಾಹ್ನ ಸೀಸೆಗಳ ಕೋಣೆ, ಸಂಜೆ ಟ್ರ್ಯಾಕ್ಟರ್. ಒಂದೇ ಅನುಮಾನ: ಶನಿವಾರ ತೋಟಕ್ಕೆ ಹಾಕಿಕೊಂಡ ಬೂಟನ್ನೇ ಭಾನುವಾರ ಫೇರ್‌ಗೆ ಹಾಕಬಹುದೇ?

ಗೋಮಾಳ
ದನ, ಕೋಳಿ ಇರುವ ಜಾಗದಲ್ಲಿ ಓಡಾಡಿದ್ದರೆ ಹಾಗೇ ಹಾಕಬೇಡಿ. ಒಂದು ಹಿಂಡಿನದನ್ನು ಇನ್ನೊಂದಕ್ಕೆ ಹೊತ್ತು ಹೋದಂತಾಗುತ್ತದೆ. ಶನಿವಾರ ಸಂಜೆಯೇ ಅಡಿ ಕೆದರಿ, ಸೋಪುನೀರಲ್ಲಿ ಉಜ್ಜಿ ತೊಳೆದು, ರಾತ್ರಿ ಗಾಳಿಗಿಡಿ. ಬಟ್ಟೆ ಹೇಗೂ ಬದಲಾಗುತ್ತದೆ. ಇನ್ನೊಂದು ಜೋಡಿ ಇದ್ದರೆ ಅದನ್ನೇ ಫೇರ್‌ಗೆ ಎತ್ತಿಡಿ.